ಭಾಗೀರತಿ ತವರಿನಲ್ಲಿ ಹೇಳಿದ ಸುಳ್ಳು

ಎರಡು ವರ್ಷದ ಹಿಂದೆ ತರಗತಿಯಲ್ಲಿ ಜನಪದ ಕಥನಗೀತೆಗಳ ಬಗ್ಗೆ ಹೇಳುತ್ತ ‘ಕೆರೆಗೆ ಹಾರ’ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಆಕಿ ಅಪ್ಪಗ ಖರೇ ಯಾಕ ಹೇಳಲಿಲ್ರಿ?” ಎಂದು ಕೇಳಿದಳು. “ಅಪ್ಪಗ ನೋವಾಗಬಾರದಂತ ಹೇಳಲಿಲ್ಲವಾ, ಅದ ಆಕಿ ದೊಡ್ಡ ಗುಣ” ಎಂದು ಪರೀಕ್ಷೆಗೆ ಬರೆಯುವಂಥ ಉತ್ತರ ಕೊಟ್ಟೆ. ಆಕೆ ಕುಳಿತಳು, ಆದರೆ ಒಪ್ಪಿ ಕುಳಿತಂತೆ ಕಾಣಲಿಲ್ಲ. ಈ ಲೇಖನ ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಹಾಡು ಗೊತ್ತಿಲ್ಲದವರು ಕಡಿಮೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಶಾಸ್ತ್ರ ಕೇಳಿದರೆ ಸೊಸೆಯನ್ನು ಬಲಿ ಕೊಡಬೇಕೆಂದು ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನಡೆಸುವವರಿಲ್ಲ ಎಂಬ ಲೆಕ್ಕ ಹಾಕಿ ಕಿರಿಯಳಾದ ಭಾಗೀರತಿಯನ್ನು ಆರಿಸುತ್ತಾರೆ. ಆಕೆಯ ಗಂಡ ಮಹಾದೇವರಾಯ ದಂಡಿನಲ್ಲಿದ್ದಾನೆ. ಸುದ್ದಿ ತಿಳಿದ ಭಾಗೀರತಿ ತವರಿಗೆ ಓಡುತ್ತಾಳೆ, ಅಲ್ಲಿಂದ ಗೆಳತಿಯ ಮನೆಗೆ ಹೋಗುತ್ತಾಳೆ, ಮತ್ತೆ ಗಂಡನ ಮನೆಗೆ ಮರಳುತ್ತಾಳೆ. ಎಲ್ಲರೂ ಕೆರೆಗೆ ಹೋಗಿ ಗಂಗೆಯ ಪೂಜೆ ಮಾಡಿ ಉಂಡು ಹಿಂದಿರುಗುವಾಗ ಬಂಗಾರದ ಬಟ್ಟಲು ಅಲ್ಲೇ ಮರೆತುಹೋಗಿರುತ್ತದೆ. ತರಲು ಭಾಗೀರತಿ ಇಳಿಯುತ್ತಾಳೆ. ಒಂದೊಂದು ಮೆಟ್ಟಿಲು ಏರಿದಂತೆ ನೀರೂ ಏರುತ್ತದೆ.

ನಾನು ಇದನ್ನು ಮೊದಲು ಕೇಳಿದ್ದು ಯಲವಿಗಿಯಲ್ಲಿ, ನಮ್ಮ ಅಮ್ಮನ ಬಾಯಿಂದ. (ನಮ್ಮ ಕಡೆ ಅಜ್ಜಿಯನ್ನೇ ಅಮ್ಮ ಅನ್ನುವುದು, ಹೆತ್ತವಳು ಅವ್ವ.) ಅವಳ ತವರು ಹಿರೇಕೆರೂರಿನ ಕಡೆ, ಮಾಸೂರಿನ ಹತ್ತಿರ. ಅಲ್ಲಿನ ಮದಗದ ಕೆರೆಗೂ ಕೆಂಚವ್ವ ಎಂಬ ಹೆಣ್ಣು ಬಲಿಯಾದ ಕಥೆ ಇದೆ. ಕಡೂರಿನ ಮದಗದ ಕೆರೆಯವರೂ ಆ ಕೆಂಚವ್ವ ತಮ್ಮವಳೇ ಅನ್ನುತ್ತಾರೆ, ಆ ಜಗಳ ಬೇರೆ. ಅಮ್ಮನಿಗೆ ಭಾಗೀರತಿ, ಕೆಂಚವ್ವ ಇಬ್ಬರೂ ಒಬ್ಬಳೇ. ಬೀಸುಕಲ್ಲಿನ ಮುಂದೆ ಕೂತು ಹಾಡುವಾಗ ಹೆಸರು ಒಮ್ಮೊಮ್ಮೆ ಬದಲಾಗುತ್ತಿತ್ತು, ಧಾಟಿ ಬದಲಾಗುತ್ತಿರಲಿಲ್ಲ. ಮಗನಾಗಿ ನಾನು ಕೇಳಿಸಿಕೊಂಡಿದ್ದು ನೀರು ಬಂದ ಅದ್ಭುತವನ್ನು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಕ್ಕಳು ಏನು ಕೇಳಿಸಿಕೊಂಡರೋ ನಾನು ವಿಚಾರಿಸಿರಲಿಲ್ಲ.

ಶಾಲೆ-ಕಾಲೇಜುಗಳಲ್ಲಿ ಈ ಹಾಡಿಗೆ ನಾವು ಕಟ್ಟಿಕೊಟ್ಟ ಹೆಸರು ‘ತ್ಯಾಗ’. ಲೋಕಹಿತಕ್ಕಾಗಿ ಜೀವ ಕೊಟ್ಟ ಹೆಣ್ಣು. ಈಚೆಗೆ ಸ್ತ್ರೀವಾದಿ ಓದುಗಳು ಆ ಪದವನ್ನು ತೆಗೆದು ‘ಬಲಿ’ ಎಂಬ ಪದ ಇಟ್ಟವು. ಅದು ಸರಿಯಾದ ತಿದ್ದುಪಡಿ. ಆದರೆ ಪದ ಬದಲಾದ ಮೇಲೂ ಹಾಡಿನ ನಡುಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ಮೊದಲು ಶಾಸ್ತ್ರದ ಮಾತು, ಕೊನೆಗೆ ಏರುವ ನೀರು, ಇವೆರಡರ ಮೇಲೆ ಕಣ್ಣು. ನಡುವೆ ತವರಿಗೆ ಹೋಗಿಬಂದ ಭಾಗವನ್ನು ಕರುಣರಸದ ಅಂಗಡಿಯಲ್ಲಿಟ್ಟು ಮುಂದೆ ಹೋಗುತ್ತೇವೆ. ನನ್ನ ಓದಿನ ಪ್ರಕಾರ ಹಾಡಿನ ಜೀವ ಇರುವುದೇ ಅಲ್ಲಿ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಸುತ್ತುದಾರಿ.

ಅಪರಾಧಕ್ಕೆ ಬಲಿಯಾಗುವವರು ಯಾರು, ಯಾಕೆ ಅವರೇ ಎಂದು ಕೇಳುವ ಒಂದು ಶಾಸ್ತ್ರವಿದೆ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಹಾನ್ಸ್ ಫಾನ್ ಹೆಂಟಿಗ್ 1948ರಲ್ಲಿ ಬರೆದ ಪುಸ್ತಕ ಅದಕ್ಕೆ ಒಂದು ಬುನಾದಿ. ಹತ್ತು ವರ್ಷದ ನಂತರ ಮಾರ್ವಿನ್ ವುಲ್ಫ್‌ಗ್ಯಾಂಗ್ ಫಿಲಡೆಲ್ಫಿಯಾ ನಗರದ 588 ಕೊಲೆಗಳನ್ನು ಪರಿಶೀಲಿಸಿ, ಸುಮಾರು ನಾಲ್ಕರಲ್ಲಿ ಒಂದರಲ್ಲಿ ಸತ್ತವನೇ ಮೊದಲು ಕೈ ಎತ್ತಿದ್ದ ಎಂದ. ಕುಡಿದು ಜಗಳವಾಡಿದ ಗಂಡಸರ ವಿಷಯದಲ್ಲಿ ಅದು ಒಂದು ಮಟ್ಟಿಗೆ ನಿಜವಿದ್ದೀತು. ಆದರೆ ಅವನ ಶಿಷ್ಯ ಮೆನಾಹೆಮ್ ಅಮೀರ್ 1971ರಲ್ಲಿ ಅದೇ ಅಳತೆಗೋಲನ್ನು ಅತ್ಯಾಚಾರಕ್ಕೆ ಹಚ್ಚಿ, ಐದರಲ್ಲಿ ಒಂದರಷ್ಟು ಪ್ರಕರಣಗಳಿಗೆ ಹೆಣ್ಣಿನ ನಡತೆಯೂ ಕಾರಣ ಎಂದುಬಿಟ್ಟ. ಶಾಸ್ತ್ರದ ಹೆಸರಿನಲ್ಲಿ ಬಂದರೂ ಅದು ನಮ್ಮ ಊರ ಕಟ್ಟೆಯ ಮೇಲೆ ದಿನಾ ಕೇಳುವ ಮಾತೇ: ಅಷ್ಟೊತ್ತಿನ್ಯಾಗ ಆಕಿ ಅಲ್ಲಿಗೆ ಯಾಕ ಹೋಗಿದ್ಲು? ಅಮೀರ್‌ಗೆ ಬಿದ್ದ ಟೀಕೆಯಿಂದ ಆ ಶಾಸ್ತ್ರ ಮುಂದೆ ಎಚ್ಚರವಾಯಿತು. ‘ರಿಸ್ಕ್ ಫ್ಯಾಕ್ಟರ್’ ಎಂಬ ಮಾತು ಇನ್ನೂ ಬಳಕೆಯಲ್ಲಿದೆ, ಉಪಯೋಗವೂ ಇದೆ. ವಯಸ್ಸು, ಬಡತನ, ಕುಡಿತ, ಒಂಟಿತನ ಎಂದು ಪಟ್ಟಿ ಮಾಡುತ್ತಾರೆ. ತೊಂದರೆ ಏನೆಂದರೆ, ಪಟ್ಟಿ ಓದುವವನ ಕಣ್ಣು ತಾನಾಗಿ ಬಲಿಯಾದವರ ಕಡೆ ತಿರುಗುತ್ತದೆ.

ಹಾಡು ಹಾಗೆ ತಿರುಗುವುದಿಲ್ಲ. ಭಾಗೀರತಿ ಏನು ಮಾಡಿದಳು ಎಂದು ಅದು ಒಂದು ಸಾಲಿನಲ್ಲೂ ಕೇಳುವುದಿಲ್ಲ. ಅವಳಿಗೆ ಅಪಾಯ ಬಂದದ್ದು ಅವಳ ಗುಣದಿಂದಲ್ಲ, ಮನೆಯಲ್ಲಿ ಅವಳಿಗೆ ಕೊಟ್ಟ ಜಾಗದಿಂದ. ಹಿರಿಯ ಸೊಸೆಯ ಕೈಯಲ್ಲಿ ಮನೆಯ ವ್ಯವಹಾರ ಇದೆ, ಆಕೆ ಹೋದರೆ ಮನೆಗೆ ಲುಕ್ಸಾನು. ಕಿರಿಯವಳು ಹೊಸಬಳು, ಗಂಡ ಊರಲ್ಲಿಲ್ಲ, ಕೇಳುವವರಿಲ್ಲ. ಇದನ್ನು ಹಾಡು ಒಂದು ಸಣ್ಣ ಮಾತುಕತೆಯಲ್ಲಿ, ಎತ್ತು ಮಾರುವ ಮುಂಚೆ ಯಾವ ಎತ್ತು ಎಂದು ಚರ್ಚಿಸುವಷ್ಟು ತಣ್ಣಗೆ ಹೇಳಿ ಮುಗಿಸುತ್ತದೆ. ‘ಹಾರ’ ಎಂಬ ಪದದಲ್ಲಿ ಕೊರಳ ಮಾಲೆಯೂ ಇದೆ, ಆಹಾರವೂ ಇದೆ.

ನಮ್ಮ ಕಾನೂನು ಈ ಸತ್ಯವನ್ನು ಕಂಡುಕೊಳ್ಳಲು 1986ರ ತನಕ ಕಾಯಬೇಕಾಯಿತು. ಆ ವರ್ಷ ದಂಡಸಂಹಿತೆಗೆ ಸೇರಿದ ವರದಕ್ಷಿಣೆ ಸಾವಿನ 304-ಬಿ ಕಲಮಿನಲ್ಲಿ ಒಂದು ಅವಧಿ ಬರುತ್ತದೆ: ಮದುವೆಯಾದ ಏಳು ವರ್ಷದೊಳಗೆ. ಈಗ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಿನಲ್ಲಿದೆ. ಆ ಏಳು ವರ್ಷದಲ್ಲಿ ಅಸಹಜವಾಗಿ ಸತ್ತರೆ, ಸಾಯುವ ಮುಂಚೆ ವರದಕ್ಷಿಣೆಗಾಗಿ ಕಿರುಕುಳ ಇತ್ತೆಂದು ತೋರಿಸಿದರೆ, ಗಂಡನ ಮನೆಯವರೇ ಕಾರಣರೆಂದು ಕಾನೂನು ಹಿಡಿಯುತ್ತದೆ. ಕಾನೂನಿನ ಒಣ ಭಾಷೆಯಲ್ಲಿ ‘ಕಿರಿಯ ಸೊಸೆ’ ಎಂಬುದಕ್ಕೆ ಇರುವ ಹೆಸರು ಈ ಏಳು ವರ್ಷ.

1979ರಲ್ಲಿ ಲಾರೆನ್ಸ್ ಕೊಹೆನ್, ಮಾರ್ಕಸ್ ಫೆಲ್ಸನ್ ಎಂಬಿಬ್ಬರು ಅಪರಾಧ ನಡೆಯಲು ಮೂರು ಕೂಡಿಬರಬೇಕು ಎಂದರು. ಮಾಡಲು ಮನಸ್ಸಿರುವವನೊಬ್ಬ, ಕೈಗೆ ಸಿಗುವ ಗುರಿಯೊಂದು, ಕಾಯುವವರು ಇಲ್ಲದ ಹೊತ್ತು. ಓದಿದಾಗ ನನಗೆ ಕಂಡದ್ದು ಮಲ್ಲನಗೌಡ, ಭಾಗೀರತಿ, ದಂಡಿಗೆ ಹೋದ ಮಹಾದೇವರಾಯ. ಲೆಕ್ಕ ಎಷ್ಟು ಸರಿಯಾಗಿ ಕೂತಿತೆಂದರೆ ಸ್ವಲ್ಪ ಅನುಮಾನವೇ ಬಂತು. ಯಾಕೆಂದರೆ ಆ ಸಿದ್ಧಾಂತದ ಒಳಗೆ ಒಂದು ನಂಬಿಕೆ ಇದೆ: ಮನೆಯಲ್ಲಿದ್ದರೆ ಕಾಯುವವರು ಇರುತ್ತಾರೆ, ಹೊರಗೆ ಹೋದರೆ ಅಪಾಯ. ಹಾಡಿನಲ್ಲಿ ಮನೆ ತುಂಬ ಜನ ಇದ್ದಾರೆ. ಅತ್ತೆ, ಮಾವ, ನೆಗೆಣ್ಣಿಯರು, ಎಲ್ಲರೂ ಕಾಯಬೇಕಾದವರೇ. ಗುರಿಯನ್ನು ಆರಿಸಿದವರೂ ಅವರೇ.

ವಿಶ್ವಸಂಸ್ಥೆಯ ಲೆಕ್ಕ ಇದನ್ನೇ ಹೇಳುತ್ತದೆ. ಜಗತ್ತಿನಲ್ಲಿ ಕೊಲೆಯಾಗುವವರಲ್ಲಿ ಸುಮಾರು ಶೇ. 80 ಗಂಡಸರು, ಅವರಲ್ಲಿ ಹೆಚ್ಚಿನವರು ಸಾಯುವುದು ಮನೆಮಂದಿಯ ಕೈಯಲ್ಲಲ್ಲ. 2023ರಲ್ಲಿ ಕೊಲೆಯಾದ ಸುಮಾರು 85,000 ಹೆಣ್ಣುಮಕ್ಕಳಲ್ಲಿ 51,100 ಜನರನ್ನು, ಅಂದರೆ ಶೇ. 60ರಷ್ಟು ಮಂದಿಯನ್ನು, ಕೊಂದವರು ಗಂಡ, ಸಂಗಾತಿ ಅಥವಾ ಮನೆಯವರು. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಅಪ್ಪಣ್ಣ ಹೆಂಡತಿಯನ್ನು ಒಳಗೆ ಹಾಕಿ ಬೀಗ ಜಡಿದು ಹೋಗುತ್ತಾನೆ, ಕಾವಲಿಗೆ ನಾಯಿ ತರುತ್ತಾನೆ, ಅದು ಸತ್ತ ಮೇಲೆ ಮುಂಗುಸಿ ತರುತ್ತಾನೆ. ಅಷ್ಟೂ ಬಂದೋಬಸ್ತು ಹೊರಗಿನಿಂದ ಬರುವವನ ವಿರುದ್ಧ. ರಾಣಿಗೆ ಏಟು ಬೀಳುವುದು ಕೀಲಿಕೈ ಇಟ್ಟುಕೊಂಡವನಿಂದಲೇ.

ಈಗ ತವರಿಗೆ ಹೋಗೋಣ. ಭಾಗೀರತಿ ಓಡಿಬಂದಿದ್ದಾಳೆ, ಕಣ್ಣಲ್ಲಿ ನೀರಿದೆ. ಅಪ್ಪ ನೋಡುತ್ತಾನೆ, ಯಾಕೆಂದು ಕೇಳುತ್ತಾನೆ. ಇಲ್ಲಿ ಅಪ್ಪ ಕಟುಕನಲ್ಲ ಎಂಬುದು ಮುಖ್ಯ. ಆಗ ಅವಳು ಕೊಡುವ ಕಾರಣ ಸುಳ್ಳು: ಅತ್ತೆ ಮಾವ ತನ್ನನ್ನು ಬೇರೆ ಇಡುತ್ತಾರಂತೆ. ಅದಕ್ಕೆ ಅಪ್ಪ, ಇಡಲಿ ಬಿಡು, ನಾನು ಹೊಲ ಕೊಡುತ್ತೇನೆ ಎಂಬರ್ಥದ ಮಾತಾಡುತ್ತಾನೆ. ಅವ್ವನಿಗೂ ಅದೇ ಸುಳ್ಳು. ಅವ್ವ ಒಡವೆ ಕೊಡುತ್ತೇನೆ ಅನ್ನುತ್ತಾಳೆ. ಕೊನೆಗೆ ಗೆಳತಿಯ ಮನೆಯಲ್ಲಿ ಮಾತ್ರ ಬಾಯಿಂದ ನಿಜ ಬರುತ್ತದೆ. ಗೆಳತಿ ಹೇಳುವುದು ಹೊಂದಿಕೊಂಡು ಹೋಗುವ ಮಾತು.

ತರಗತಿಯಲ್ಲಿ ಆ ಹುಡುಗಿ ಕೇಳಿದ್ದು ಈ ಜಾಗದ ಬಗ್ಗೆ. ನಾನು ಈಗ ಓದುವುದು ಹೀಗೆ. ಅವಳು ಹೇಳಿದ ಸುಳ್ಳು ಅಪ್ಪನ ಮನಸ್ಸು ನೋಯಬಾರದೆಂದು ಹೇಳಿದ್ದಲ್ಲ, ಅಳೆದು ನೋಡಲು ಹೇಳಿದ್ದು. ದೊಡ್ಡ ಸುದ್ದಿ ಹೇಳುವ ಮೊದಲು ಸಣ್ಣದೊಂದನ್ನು ಮುಂದಿಟ್ಟು ಎದುರಿಗಿರುವವರ ಮುಖ ನೋಡುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಅಪ್ಪ ಹೊಲ ಕೊಡುತ್ತಾನೆ, ಅವ್ವ ಬಂಗಾರ ಕೊಡುತ್ತಾಳೆ. ಎರಡನ್ನೂ ಕಟ್ಟಿಕೊಂಡು ಅವಳು ಹೋಗಬೇಕಾದದ್ದು ಗಂಡನ ಊರಿಗೇ. ಇಲ್ಲೇ ಇರು ಎಂಬ ಒಂದು ಮಾತು ಅವರ ಬಾಯಲ್ಲಿ ಬರುವುದಿಲ್ಲ. ಅವರ ಪ್ರೀತಿಯಲ್ಲಿ ಕೊರತೆ ಇದೆ ಅಂತಲ್ಲ. ಮದುವೆಯಾದ ಮಗಳಿಗೆ ಕೊಡಬಹುದಾದದ್ದರ ಪಟ್ಟಿಯಲ್ಲಿ ಆ ಮಾತು ಇಲ್ಲ. ಇದನ್ನು ತಿಳಿದ ಮೇಲೆ ನಿಜ ಹೇಳಿ ಆಗುವುದೇನು? ‘ಗೋವಿನ ಹಾಡಿ’ನಲ್ಲಿ ಪುಣ್ಯಕೋಟಿ ಹುಲಿಗೆ ನಿಜ ಹೇಳಿ ಗೆಲ್ಲುತ್ತಾಳೆ, ಯಾಕೆಂದರೆ ಹುಲಿ ಕೇಳಿಸಿಕೊಳ್ಳುತ್ತದೆ. ಚಿಕ್ಕ ಮಕ್ಕಳಿಗೆ ನಾವು ಆ ಹಾಡನ್ನು ಸತ್ಯದ ಪಾಠವೆಂದು ಕಲಿಸುತ್ತೇವೆ. ತನ್ನ ಅಪ್ಪನಿಗೇ ಸತ್ಯ ಹೇಳಲಾಗದ ಹೆಣ್ಣಿನ ಹಾಡನ್ನು ದೊಡ್ಡವರಾದ ಮೇಲೆ ಕಲಿಸುವಾಗ ಸತ್ಯದ ಪ್ರಸ್ತಾಪವನ್ನೇ ಬಿಟ್ಟುಬಿಡುತ್ತೇವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ದೃಶ್ಯಕ್ಕೆ ಅಂಕಿಗಳಿವೆ. ಮದುವೆಯಾದ 18ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ಶೇ. 44.4. ಹಿಂದಿನ ಸಮೀಕ್ಷೆಯಲ್ಲಿ ಅದು 20.6 ಇತ್ತು. ಇಷ್ಟು ಏರಿಕೆಯಲ್ಲಿ ನಿಜವಾಗಿ ಹೆಚ್ಚಿದ ಹೊಡೆತ ಎಷ್ಟು, ಬಾಯಿಬಿಟ್ಟು ಹೇಳಿದ್ದು ಎಷ್ಟು ಎಂದು ಬಿಡಿಸುವುದು ಕಷ್ಟ. ದೇಶದ ಮಟ್ಟದಲ್ಲಿ ಇನ್ನೊಂದು ಅಂಕಿ ಇದೆ, ನನ್ನನ್ನು ಹೆಚ್ಚು ಕಾಡಿದ್ದು ಅದು. ಹಿಂಸೆ ಅನುಭವಿಸಿದವರಲ್ಲಿ ಶೇ. 14 ಮಾತ್ರ ಯಾರದಾದರೂ ಸಹಾಯ ಕೇಳಿದ್ದರು. ಶೇ. 77 ಸಹಾಯವನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಕೇಳಿದವರಲ್ಲಿ ಹೆಚ್ಚಿನವರು ಹೋದದ್ದು ತವರಿಗೆ. ಪೊಲೀಸರ ಹತ್ತಿರ ಹೋದವರು ಬೆರಳೆಣಿಕೆ. ಅದೇ ಸಮೀಕ್ಷೆಯಲ್ಲಿ ಗಂಡ ಮೇಲಿಂದ ಮೇಲೆ ಕುಡಿಯುತ್ತಿದ್ದರೆ ಹಿಂಸೆಯ ಸಾಧ್ಯತೆ ಸುಮಾರು ಮೂರು ಪಟ್ಟು ಎಂದೂ ಇದೆ. ಅದು ನಮಗೆಲ್ಲ ಗೊತ್ತಿದ್ದ ವಿಷಯ. ತವರಿನ ಅಂಗಳದಲ್ಲಿ ನಿಂತು ಬೇರೆ ಏನನ್ನೋ ಹೇಳಿ ಹಿಂದಿರುಗುವುದನ್ನು ಮಾತ್ರ ಯಾವ ಪಟ್ಟಿಯೂ ಅಪಾಯದ ಅಂಶವೆಂದು ಬರೆದುಕೊಳ್ಳುವುದಿಲ್ಲ.

ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಇದ್ದಳು. ಬ್ಯಾಡಗಿಯಾಚೆಯ ಊರಿಗೆ ಕೊಟ್ಟಿದ್ದರು. ಆಗಿನ್ನೂ ನಮ್ಮಲ್ಲಿ ಮೀಟರ್‌ಗೇಜ್ ಹಳಿ. ಮದುವೆಯಾದ ಎರಡನೇ ವರ್ಷ ಆಕೆ ಸಂಜೆಯ ಪ್ಯಾಸೆಂಜರಿಗೆ ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು, ಯಾರಿಗೂ ಹೇಳದೆ ಮನೆಗೆ ನಡೆದು ಬಂದಳು. “ಯಾಕವಾ, ಹಿಂಗ ಒಬ್ಬಾಕಿ?” ಎಂದು ಅವಳ ಅವ್ವ ಕೇಳಿದ್ದಕ್ಕೆ, “ಸುಮ್ನ ಬಂದೆ ಯವ್ವಾ, ನೆಪ್ಪಾತು” ಅಂದಳಂತೆ. ಎರಡು ದಿನ ಇಟ್ಟುಕೊಂಡು, ಹೊಸ ಕುಪ್ಪಸದ ಖಣ, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದರು. ಚೀಲ ಹೊತ್ತು ಸ್ಟೇಶನ್ನಿನ ತನಕ ಹೋದವನು ನಾನು, ಹನ್ನೊಂದು ವರ್ಷದವನು. ಎರಡನೇ ಸಲ ಬಂದಾಗ ಬಂಗಾರದ ಗುಂಡು ಕೊಟ್ಟು ಕಳಿಸಿದರು. ಮೂರನೇ ಸಲ ಆಕೆಯ ಅಪ್ಪ ತಾನೇ ಜೊತೆಗೆ ಹೋಗಿ ಬೀಗರ ಜೊತೆ ಕೂತು ಮಾತಾಡಿ, ಒಂದೆಕರೆ ಹೊಲದ ಫಸಲು ಕೊಡುವುದೆಂದು ಒಪ್ಪಿ ಬಂದ. ಒಳ್ಳೆಯ ಜನ. ಆ ವರ್ಷ ಹತ್ತಿಗೆ ರೇಟೂ ಇರಲಿಲ್ಲ, ಸಾಲ ಮಾಡಿಯೇ ಒಪ್ಪಿಕೊಂಡದ್ದು.

ಆಮೇಲೆ ಬಂದದ್ದು ಸುದ್ದಿ. ನೀರು ಸೇದಲು ಹೋಗಿ ಕಾಲು ಜಾರಿ ಬಾವಿಗೆ ಬಿದ್ದಳು ಎಂದು.

ಹಾಡಿನ ಕೊನೆಯ ಭಾಗ ನನಗೆ ಅರ್ಥವಾದದ್ದು ಈ ‘ಕಾಲು ಜಾರಿ’ ಎಂಬ ಮಾತಿನಿಂದ. ಗಮನಿಸಿ, ಭಾಗೀರತಿಯನ್ನು ಯಾರೂ ನೂಕುವುದಿಲ್ಲ, ಕಟ್ಟಿ ಹಾಕುವುದಿಲ್ಲ. ಬಟ್ಟಲು ಮರೆತಿದೆ, ಅಷ್ಟೇ. ತಂದುಕೊಡು ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ, ಒಬ್ಬೊಬ್ಬರೂ ಒಲ್ಲೆ ಅನ್ನುತ್ತಾರೆ, ಸರತಿ ಇವಳಿಗೆ ಬರುತ್ತದೆ. ಇಡೀ ಹಾಡಿನಲ್ಲಿ ಕೊಲ್ಲುವ ಕೈ ಕಾಣುವುದಿಲ್ಲ, ನೀರು ತಾನಾಗಿ ಏರುತ್ತದೆ. ಕೊಲೆಯನ್ನು ಆಕಸ್ಮಿಕದಂತೆ ಜೋಡಿಸುವ ಈ ಜಾಣತನವನ್ನು ಹಾಡಿದ ಹೆಂಗಸರು ಚೆನ್ನಾಗಿ ಬಲ್ಲವರಾಗಿದ್ದರು ಎಂದು ನನ್ನ ನಂಬಿಕೆ. ಸಣ್ಣವರಿದ್ದಾಗ ಪತ್ರಿಕೆಯ ಮೂಲೆಯಲ್ಲಿ ಸ್ಟೋವ್ ಸಿಡಿದು ಗೃಹಿಣಿ ಸತ್ತ ಸುದ್ದಿ ಮೇಲಿಂದ ಮೇಲೆ ಓದುತ್ತಿದ್ದೆವು. ಸಿಡಿಯುವ ಸ್ಟೋವು ಅತ್ತೆಯನ್ನು ಸುಟ್ಟದ್ದನ್ನು ಓದಿದ ನೆನಪಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ‘ಅಸಹಜ ಸಾವು’ ಎಂದು ಕಡತ ಮುಚ್ಚಿದ ಇಂಥ ಪ್ರಕರಣಗಳ ಬೆನ್ನು ಹತ್ತಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡುಗಳಲ್ಲಿ ಕೂತದ್ದು, ನನ್ನ ಮಟ್ಟಿಗೆ, ‘ಕೆರೆಗೆ ಹಾರ’ದ ಒಳ್ಳೆಯ ವಿಮರ್ಶೆಗಳಲ್ಲಿ ಒಂದು. ಆ ಬಟ್ಟಲನ್ನು ಮರೆತವರು ಯಾರು ಎಂದು ಅವರು ಕೇಳಿದರು.

ಇಂಥ ಕಥೆ ನಮ್ಮಲ್ಲಷ್ಟೇ ಇಲ್ಲ. ಬಾಲ್ಕನ್ ನಾಡುಗಳಲ್ಲಿ ಕೋಟೆ, ಸೇತುವೆ ನಿಲ್ಲಬೇಕೆಂದು ಹೆಣ್ಣನ್ನು ಗೋಡೆಯೊಳಗೆ ಕಟ್ಟಿದ ಹಾಡುಗಳಿವೆ. ಜಾನಪದ ವಿದ್ವಾಂಸ ಅಲನ್ ಡಂಡೆಸ್ ಈ ಹಾಡುಗಳ ಬಗೆಗಿನ ಬರಹಗಳನ್ನು 1996ರಲ್ಲಿ ಒಂದು ಪುಸ್ತಕವಾಗಿ ಕೂಡಿಸಿದರು. ವುಕ್ ಕರಾಜಿಚ್ ಸಂಗ್ರಹಿಸಿದ ಸರ್ಬಿಯಾದ ಸ್ಕಾದರ್ ಕೋಟೆಯ ಹಾಡಿನಲ್ಲಿ ಮೂವರು ಅಣ್ಣತಮ್ಮಂದಿರು. ನಾಳೆ ಯಾರ ಹೆಂಡತಿ ಬುತ್ತಿ ತರುತ್ತಾಳೋ ಅವಳನ್ನು ಕಟ್ಟುವುದು, ಮನೆಯಲ್ಲಿ ಹೇಳಕೂಡದು ಎಂದು ಆಣೆ. ಹಿರಿಯರಿಬ್ಬರೂ ಆಣೆ ಮುರಿದು ಹೆಂಡಿರಿಗೆ ಹೇಳಿಬಿಡುತ್ತಾರೆ. ಕಿರಿಯವನು ಹೇಳುವುದಿಲ್ಲ, ಅವನ ಹೆಂಡತಿ ಬುತ್ತಿ ಹೊತ್ತು ಬರುತ್ತಾಳೆ. ಅಲ್ಲಿ ಸುದ್ದಿ ತಲುಪಿದವಳು ಉಳಿದಳು, ತಲುಪದವಳು ಸತ್ತಳು. ಆ ಹಾಡು ಕೇಳಿದವರಿಗೆ, ಯಾರಾದರೂ ಮುಂಚೆ ಹೇಳಿದ್ದರೆ ಎಂದು ಮರುಗಲು ಜಾಗವಿದೆ. ನಮ್ಮ ಹಾಡು ಆ ಸಮಾಧಾನವನ್ನೂ ಕೊಡುವುದಿಲ್ಲ. ಭಾಗೀರತಿಗೆ ಎಲ್ಲ ಗೊತ್ತಿದೆ. ಮೂರು ಬಾಗಿಲು ತಟ್ಟಿ ಬಂದಿದ್ದಾಳೆ. ತಿಳಿವಳಿಕೆ ಕೊಟ್ಟರೆ ಸಾಕು, ಹೆಣ್ಣುಮಕ್ಕಳು ತಮ್ಮನ್ನು ತಾವು ಕಾಪಾಡಿಕೊಳ್ಳುತ್ತಾರೆ ಎಂಬ ಭಾಷಣಗಳನ್ನು ಕಾಲೇಜು ಸಭಾಂಗಣದಲ್ಲಿ ಕೇಳುವಾಗಲೆಲ್ಲ ನನಗೆ ಈ ವ್ಯತ್ಯಾಸ ನೆನಪಾಗುತ್ತದೆ.

ಒಂದು ಆಕ್ಷೇಪಣೆಯನ್ನು ಒಪ್ಪಿಕೊಳ್ಳಬೇಕು. ಅಪರಾಧಶಾಸ್ತ್ರ, ಸಮೀಕ್ಷೆ, ಕಲಮು ಎಂದು ತಂದು ಹಚ್ಚಿದರೆ ಹಾಡು ಹಾಡಾಗಿ ಉಳಿಯುತ್ತದೆಯೇ? ಕೆರೆಗೆ ನೀರು ಬರಲೇಬೇಕಾದ ಊರಿನ ಸಂಕಟವೂ ಅದರಲ್ಲಿದೆ. ಮಳೆ ನಂಬಿದ ಹಾವೇರಿ ಸೀಮೆಯವನಾಗಿ ಅದನ್ನು ಹಗುರ ಮಾಡಲಾರೆ. ಭಾಗೀರತಿಯನ್ನು ದೇವಿಯಂತೆ ಕಂಡು ಅತ್ತ ನಮ್ಮ ಅಮ್ಮನ ಭಕ್ತಿಯೂ ಸುಳ್ಳಲ್ಲ. ಆದರೆ ಹಾಡು ನೀರು ಬಂದಲ್ಲಿಗೆ ನಿಲ್ಲುವುದಿಲ್ಲ. ಊರು ತಣಿಯಿತು ಎಂದು ಮಂಗಳ ಹಾಡುವ ಅವಕಾಶವನ್ನು ಕೈಬಿಟ್ಟು ಅದು ದಂಡಿನಲ್ಲಿದ್ದ ಗಂಡನಿಗೆ ಕನಸು ಬೀಳಿಸುತ್ತದೆ, ಕುದುರೆ ಏರಿಸಿ ಊರಿಗೆ ತರುತ್ತದೆ. ಅವನು ಬಂದು ಕೇಳಿದಾಗ, ನಾನು ಕೇಳಿದ ಪಾಠದಲ್ಲಿ, ಮನೆಯವರು ಕೊಡುವ ಉತ್ತರ ಏನು ಗೊತ್ತೇ? ತವರಿಗೆ ಹೋಗಿದ್ದಾಳೆ. ತವರಿನವರಿಗೆ ಹೇಳಿದ ಸುಳ್ಳು ಅವಳದು, ತವರಿನ ಹೆಸರು ಹಿಡಿದು ಹೇಳಿದ ಸುಳ್ಳು ಇವರದು. ತವರಿನಲ್ಲಿ ಕೇಳಿದರೆ ಅಲ್ಲಿಯವರಿಗೆ ಗೊತ್ತಿಲ್ಲ. ಗೆಳತಿಯ ಬಾಗಿಲಿಗೆ ಹೋದಾಗ ನಿಜ ಸಿಗುತ್ತದೆ. ಅಂದು ಹೊಂದಿಕೊಂಡು ಹೋಗು ಎಂದಿದ್ದ ಅದೇ ಗೆಳತಿ ಈಗ ಏನನ್ನೂ ಮುಚ್ಚಿಡದೆ ಹೇಳಿಬಿಡುತ್ತಾಳೆ. ಮಹಾದೇವರಾಯ ಕೆರೆಗೆ ಹಾರುತ್ತಾನೆ. ಬರಗೂರು ರಾಮಚಂದ್ರಪ್ಪನವರು 2012ರಲ್ಲಿ ಈ ಹಾಡನ್ನು ‘ಭಾಗೀರತಿ’ ಸಿನಿಮಾ ಮಾಡಿದರು. ಇನ್ನೊಮ್ಮೆ ಯಾರಾದರೂ ಮಾಡುವುದಾದರೆ ಗೆಳತಿಯ ಕಣ್ಣಿನಿಂದ ಮಾಡಲಿ ಎಂದು ನನಗೆ ಆಸೆ. ಹಾಡಿನಲ್ಲಿ ಅವಳಿಗೆ ಹೆಸರು ಕೂಡ ಇಲ್ಲ. ಎಲ್ಲ ಗೊತ್ತಿದ್ದು ಉಳಿದವಳು ಅವಳೊಬ್ಬಳೇ.

ಓಣಿಯ ಅಕ್ಕನನ್ನು ಮೂರನೇ ಸಲ ಸ್ಟೇಶನ್ನಿಗೆ ಬಿಡಲು ಹೋದಾಗ ಅವಳ ಅಪ್ಪ ಟಿಕೀಟಿನ ಕಿಟಕಿಯ ಹತ್ತಿರ ನಿಂತಿದ್ದ. ಚೀಲ ಇಳಿಸುವಾಗ ಆಕೆ ಸೆರಗು ಸರಿಸಿ ಮೊಣಕೈ ಮೇಲಿನ ಬರೆ ತೋರಿಸಿದಳು. “ನೋಡಪಾ ತಮ್ಮಾ,” ಅಂದಳು, ಅಷ್ಟೇ. ಏನಕ್ಕಾ ಅದು ಎಂದು ಕೇಳಿದೆ. “ಒಲಿ ಹತ್ಯದ” ಅಂದಳು. ಮೊಣಕೈ ಮೇಲೆ ಅಷ್ಟುದ್ದ ಒಲೆ ಹತ್ತುವುದು ಹೇಗೆ ಎಂದು ಹನ್ನೊಂದು ವರ್ಷದವನಿಗೂ ಹೊಳೆಯುತ್ತದೆ. ಸುದ್ದಿ ಬಂದ ವಾರ ಪೊಲೀಸರು ನಮ್ಮ ಓಣಿಗೆ ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಅಪ್ಪ ಅವ್ವನ ಹತ್ತಿರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ನಾನು ಎದುರು ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.